ನಡುನೆತ್ತಿಯ ಸಾಲು

ಕುದಿಯುವ ನೀರಿನಲ್ಲಿ ನೈಲಾನ್ ಕೂದಲನ್ನು ಅದ್ದಿದಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಸುವಾಸನೆಯಂತೂ ಅಲ್ಲವೇ ಅಲ್ಲ. ಹೊಸ ರೇನ್‌ಕೋಟನ್ನು ಬಿಸಿಲಿಗೆ ಹಾಕಿ ಮರೆತರೆ ಹೀಗೆ ಬರಬಹುದು. ಹೋದ ತಿಂಗಳು ಸ್ಯಾನ್ ಡಿಯಾಗೋದ ನಮ್ಮ ಹಾಸ್ಟೆಲಿನ ಮೂರನೇ ಮಹಡಿಯ ಅಡುಗೆಮನೆಗೆ ಚಹಾ ಮಾಡಿಕೊಳ್ಳಲು ಹೋದಾಗ, ಪರಿಚಯವಿಲ್ಲದ ಹುಡುಗಿಯೊಬ್ಬಳು ಕತ್ತು ವಾಲಿಸಿಕೊಂಡು ತನ್ನ ಹೊಸ ಜಡೆಗಳ ತುದಿಗಳನ್ನು ಬಿಸಿನೀರಿನ ಮಗ್ಗಿನಲ್ಲಿ ಅದ್ದುತ್ತ ನಿಂತಿದ್ದಳು. ಸ್ವಂತ ಕೂದಲಿನ ಜೊತೆ ಸೇರಿಸಿ ಹೆಣೆದ ನೈಲಾನ್ ಎಳೆಗಳು ಬಿಚ್ಚಿಕೊಳ್ಳದಿರಲಿ ಎಂದು ಹಾಗೆ ಮಾಡುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ನನ್ನ ಕಾಲು ನಿಲ್ಲುವುದೆಂದರೆ ಸಣ್ಣ ಸಂಗತಿಯಲ್ಲ. ನನ್ನ ಹೆಸರು ಶಾಂತಾ. "ಹೆಸರು ಕ್ಷೀರಸಾಗರ ಭಟ್ಟ, ಮನ್ಯಾಗ ಮಜ್ಜಿಗಿಗೂ ಗತಿ ಇಲ್ಲ" ಎಂದು ಹುಬ್ಬಳ್ಳಿಯ ಚಿಕ್ಕಮ್ಮ ನನ್ನನ್ನು ನೋಡಿದಾಗಲೆಲ್ಲ ಗೊಣಗುತ್ತಿದ್ದಳು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ ನಾನು. ಈಗಲೂ ತರಗತಿಯಲ್ಲಿ ನನ್ನ ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ. ಅಂಥ ನನ್ನನ್ನು ಒಂದೇ ಜಾಗದಲ್ಲಿ ಐದು ಗಂಟೆ ಕೂರಿಸಿದವರು ಲೋಕದಲ್ಲಿ ಒಬ್ಬರೇ, ಲಾಸ್ ಏಂಜಲೀಸ್ ಹತ್ತಿರದ ಪೊಮೊನಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡೆಲ್ಫೀನ್ ಆಂಟಿ. ಆ ದಿನ ನಾನು ಚಹಾ ಮಾಡಿಕೊಳ್ಳದೆಯೇ ರೂಮಿಗೆ ವಾಪಸಾದೆ.

ಮೊದಲು ನಮ್ಮ ಬಗ್ಗೆ ಹೇಳಿಬಿಡುತ್ತೇನೆ. ನಾವು ಸಿದ್ದಿಗಳು, ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದವರ ಸಂತತಿ, ಯಲ್ಲಾಪುರದ ಕಡೆಯವರು. ಬಣ್ಣ, ಕೂದಲು ಅಲ್ಲಿಂದ ಬಂದದ್ದು; ಉಳಿದ ಮಾತು, ಊಟ, ಜಗಳವೆಲ್ಲ ಕರ್ನಾಟಕದ್ದೇ. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಹೋದ. ಅವ್ವ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲಸ ಮಾಡಿ, ನನಗೆ ಏಳು ವರ್ಷವಿದ್ದಾಗ ನನ್ನನ್ನು ತನ್ನ ತಂಗಿಯ ಮನೆಯಲ್ಲಿ ಬಿಟ್ಟು ಅಮೆರಿಕಕ್ಕೆ ಬಂದಳು. ಐದು ವರ್ಷ ಅವಳು ನನಗೆ ಫೋನಿನಲ್ಲಿ ಕಾಣುವ ಒಂದು ಮುಖವಾಗಿದ್ದಳು ಅಷ್ಟೆ. ಚಿಕ್ಕಮ್ಮ ಒಳ್ಳೆಯವಳೇ. ಆದರೆ ಶಾಲೆಯ ನಿಯಮವೆಂದರೆ ಎರಡು ಜಡೆ, ಕೆಂಪು ರಿಬ್ಬನ್, ಮೇಲಕ್ಕೆ ಮಡಚಿ ಕಟ್ಟಬೇಕು. ನನ್ನ ಗುಂಗುರು ಕೂದಲು ಇಳಿಯುವ ಜಾತಿಯದಲ್ಲ, ಏಳುವ ಜಾತಿಯದು. ಚಿಕ್ಕಮ್ಮ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು, ಹಲ್ಲು ಕಚ್ಚಿ ಎಳೆದು ಹೆಣೆದರೂ ಮೊದಲ ಪಿರಿಯಡ್ ಮುಗಿಯುವುದರೊಳಗೆ ರಿಬ್ಬನ್ನು ಒಂದು ಕಡೆ, ಕೂದಲು ಒಂದು ಕಡೆ. ಹಿಂದಿನ ಬೆಂಚಿನವರು ಅದರೊಳಗೆ ಪೆನ್ಸಿಲ್ ಸಿಕ್ಕಿಸಿ ಬಿಡುತ್ತಿದ್ದರು, ಅದು ಬೀಳುತ್ತಿರಲಿಲ್ಲ, ಅವರಿಗೆ ಅದೊಂದು ಆಟ. ನನ್ನ ಸಿಟ್ಟೆಲ್ಲ ಅವ್ವನ ಮೇಲೆ ಹೋಗುತ್ತಿತ್ತು. ಈ ಕೂದಲು ಕೊಟ್ಟವಳೂ ಅವಳೇ, ಕೊಟ್ಟು ಬಿಟ್ಟುಹೋದವಳೂ ಅವಳೇ.

2020ರ ಫೆಬ್ರವರಿಯಲ್ಲಿ, ನನಗೆ ಹನ್ನೆರಡು ತುಂಬಿದ ಮೇಲೆ, ಅವ್ವ ನನ್ನನ್ನು ಕರೆಸಿಕೊಂಡಳು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅವಳು ಮೊದಲು ಮಾಡಿದ ಕೆಲಸವೆಂದರೆ ನನ್ನ ತಲೆಯ ಮೇಲೆ ಕೈಯಿಡಲು ಬಂದದ್ದು. ನಾನು ಮೊದಲು ಮಾಡಿದ್ದು ತಲೆ ತಪ್ಪಿಸಿಕೊಂಡದ್ದು. ಅವಳು ಅದೇ ಕೈಯಿಂದ ನನ್ನ ಸೂಟ್‌ಕೇಸ್ ಎತ್ತಿಕೊಂಡಳು. ಮೊದಲ ಭಾನುವಾರ, ಭಾರತೀಯ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಕರೆದೊಯ್ದು ಜೋಳದ ಹಿಟ್ಟು, ಚುರುಮುರಿ, ದೊಡ್ಡ ಬಾಟಲಿ ಕೊಬ್ಬರಿ ಎಣ್ಣೆ ಕೊಡಿಸಿದಳು. ಅಂಗಡಿಯಲ್ಲಿ ನಮ್ಮಿಬ್ಬರ ಮಾತು ಕೇಳಿ, ಬೇಳೆಯ ಸಾಲಿನಲ್ಲಿ ನಿಂತಿದ್ದ ಡೈಮಂಡ್ ಬಾರ್ ಎಂಬ ಊರಿನ ಆಂಟಿಯೊಬ್ಬರು ಹತ್ತಿರ ಬಂದರು. "ಕನ್ನಡ ಎಷ್ಟ್ ಚೆನ್ನಾಗಿ ಮಾತಾಡ್ತೀರ ನೀವು, ಎಲ್ಲಿ ಕಲಿತ್ರಿ?" ಎಂದು ಬಹಳ ಪ್ರೀತಿಯಿಂದಲೇ ಕೇಳಿದರು. "ನಮ್ಮವ್ವನ ಹೊಟ್ಟ್ಯಾಗ ರೀ" ಎಂದಳು ಅವ್ವ, ಅಷ್ಟೇ ಪ್ರೀತಿಯಿಂದ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇವಳ ಮೇಲೆ ನನಗೆ ಸಿಟ್ಟಿದೆ ಎಂಬುದು ನೆನಪಾಗಿ ಮುಖ ಗಂಟು ಹಾಕಿಕೊಂಡೆ.

ಮೂರು ವಾರಕ್ಕೆ ಊರೆಲ್ಲ ಬಾಗಿಲು ಹಾಕಿಕೊಂಡಿತು. ಅವ್ವನ ಕೆಲಸ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ. ಅಲ್ಲಿ ದಿನಾ ಒಬ್ಬರಿಗೆ ಜ್ವರ, ಒಬ್ಬರಿಗೆ ಉಸಿರಿನ ತೊಂದರೆ. ಅವಳು ಗ್ಯಾರೇಜಿನಲ್ಲಿ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಅಡುಗೆಮನೆಯ ಆ ತುದಿಯಲ್ಲಿ ನಿಂತು ಊಟ ಮಾಡುತ್ತಿದ್ದಳು, ನಾನು ಈ ತುದಿಯಲ್ಲಿ. "ಹತ್ರ ಬರಬ್ಯಾಡವಾ" ಎನ್ನುವುದೇ ನಮ್ಮ ಮನೆಯ ಮುಖ್ಯ ಮಾತಾಯಿತು. ಐದು ವರ್ಷ ಸಮುದ್ರದಾಚೆ ಇದ್ದವಳು ಈಗ ಹತ್ತು ಅಡಿ ದೂರದಲ್ಲಿದ್ದಳು, ಆದರೂ ಮುಟ್ಟುವಂತಿರಲಿಲ್ಲ. ನನಗೆ ಅವಳು ಬೇಕಾಗಿದ್ದದ್ದೂ ನಿಜ, ಬೇಡವೆಂದು ತೋರಿಸಿಕೊಂಡದ್ದೂ ನಿಜ. ಆನ್‌ಲೈನ್ ಶಾಲೆಯಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು, ಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡಾಡುತ್ತ ದಿನ ದೂಡಿದೆ. ತಲೆ ಬಾಚಿಕೊಳ್ಳುವುದನ್ನು ಬಿಟ್ಟೇಬಿಟ್ಟಿದ್ದೆ. ಮೇ ತಿಂಗಳ ಹೊತ್ತಿಗೆ ಕೂದಲು ಜಟೆಗಟ್ಟಿ, ಬಾಚಣಿಗೆಯ ಹಲ್ಲು ಮುರಿದು ಒಳಗೇ ಉಳಿದುಕೊಂಡಿತ್ತು.

ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಮನೆಗಳಲ್ಲಿ ಒಂದು ನಮ್ಮದು, ಇನ್ನೊಂದು ಡೆಲ್ಫೀನ್ ಆಂಟಿಯದು. ಎಪ್ಪತ್ತು ದಾಟಿದ, ಎತ್ತರದ, ಕಪ್ಪು ಹೆಂಗಸು. ಅವರು ಚಿಕ್ಕವರಿದ್ದಾಗ ಅವರ ತಂದೆತಾಯಿ ಲೂಸಿಯಾನಾ ಬಿಟ್ಟು ಲಾಸ್ ಏಂಜಲೀಸಿಗೆ ಬಂದವರಂತೆ. ಜೀವನವಿಡೀ ಸಲೂನಿನಲ್ಲಿ ಹೆಂಗಸರ ತಲೆ ಹೆಣೆದು, ಈಗ ಮನೆಯ ಹಿತ್ತಲಲ್ಲಿ ಹಳೇ ಗೆಳತಿಯರಿಗೆ ಮಾತ್ರ ಹೆಣೆಯುತ್ತಿದ್ದರು. ಒಂದು ದಿನ ಬೇಲಿಯಾಚೆಯಿಂದ ನನ್ನನ್ನು ಬಹಳ ಹೊತ್ತು ನೋಡಿ, ಅವ್ವನಿಗೆ ಕೇಳಿಸುವಂತೆ, "ಈ ಕೂಸಿನ ತಲಿ ಯಾರು ನೋಡ್ಕೊಂತಾರ?" ಎಂದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ ಅನ್ನಿ. ನನ್ನ ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಹುಬ್ಬಳ್ಳಿ ಕನ್ನಡದಲ್ಲೇ ಕೇಳಿಸುತ್ತದೆ. ಆಗ ನನಗೆ ಗದರಿ ಮಾತಾಡುವ ಪ್ರೀತಿಯ ಭಾಷೆ ಅದೊಂದೇ ಗೊತ್ತಿತ್ತು, ಇಂಗ್ಲಿಷಿನಲ್ಲಿ ಕೇಳಿದ್ದೂ ಹಾಗೇ ಒಳಗೆ ಇಳಿಯುತ್ತಿತ್ತು. ಅವ್ವ ತನ್ನ ಕೆಲಸದ ವಿಷಯ ಹೇಳಿ ಹಿಂಜರಿದಳು. ಬಯಲಲ್ಲಿ ಕೂರೋಣ, ಇಬ್ಬರೂ ಮಾಸ್ಕ್ ಹಾಕೋಣ, ನಿನ್ನ ಟೆಸ್ಟ್ ಸರಿ ಬಂದ ವಾರ ಕಳಿಸು ಎಂದರು ಅವರು. ಶನಿವಾರವೆಂದು ಗೊತ್ತಾಯಿತು.

ಇನ್ನು ನಾವು ಮಾಡಿದ ಘನಕಾರ್ಯ ಕೇಳಿ. ತಲೆ ಹೆಣೆಸಿಕೊಳ್ಳಲು ಇನ್ನೊಬ್ಬರ ಮನೆಗೆ ಒಣ ತಲೆಯಲ್ಲಿ ಹೋಗುವುದೆಂದರೆ ನಮ್ಮ ಕಡೆ ಮರ್ಯಾದೆಯಲ್ಲ. ಅಡುಗೆಮನೆಯ ಆ ತುದಿಯಲ್ಲಿ ನಿಂತು ಅವ್ವ ಹೇಳಿಕೊಟ್ಟಳು, ಈ ತುದಿಯಲ್ಲಿ ನಾನು ಸುರಿದುಕೊಂಡೆ. ಆರ್ಟೀಸಿಯಾದ ಬಾಟಲಿ ಅರ್ಧ ಖಾಲಿ. "ಇನ್ನಷ್ಟು ಹಾಕವಾ, ಕಿವಿ ಹಿಂದ, ನೆತ್ತಿಗೆ ಬಡಿ" ಎಂದು ಅವಳು, ಕತ್ತಿಗೆ ಇಳಿಯುತ್ತಿದೆ ಎಂದು ನಾನು. ಮುಖದ ಮೇಲೆ ಎಣ್ಣೆ ಹರಿಸಿಕೊಂಡು ಡೆಲ್ಫೀನ್ ಆಂಟಿಯ ಮುಂದೆ ನಿಂತೆ. ಅವರು ಒಂದು ಎಳೆ ಹಿಡಿದರು, ಜಾರಿತು. ಇನ್ನೊಂದು ಹಿಡಿದರು, ಅದೂ ಜಾರಿತು. ತಲೆಗಂಟಿಸಿ ಹೆಣೆಯುವ ಜಡೆಗೆ ತೊಳೆದು ಒಣಗಿಸಿದ ಕೂದಲು ಬೇಕು, ಎಣ್ಣೆ ಕೊನೆಗೆ ಬೆರಳ ತುದಿಯಷ್ಟು. ಅವರು ಕೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡು, "ಮೀನು ಹುರಿಯಾಕ ಕಳಿಸ್ಯಾಳೇನ ನಿಮ್ಮವ್ವ?" ಎಂದರು. ಬೇಲಿಯಾಚೆ ನಿಂತಿದ್ದ ಅವ್ವನ ಮುಖ ಸಣ್ಣದಾಯಿತು. ಆಂಟಿ ಅದನ್ನು ನೋಡಿದರೇನೋ, ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಿತ್ತಲ ನಲ್ಲಿಯ ಕೆಳಗೆ ನನ್ನನ್ನು ಬಗ್ಗಿಸಿ ಮೂರು ಸಲ ಶಾಂಪೂ ಹಾಕಿ ತೊಳೆದರು. ಜಟೆ ಬಿಡಿಸುವುದರಲ್ಲೇ ಆ ಶನಿವಾರ ಕಳೆಯಿತು, ಹೆಣೆದದ್ದು ಭಾನುವಾರ.

ಆ ಹಿತ್ತಲನ್ನು ಹೇಗೆ ಹೇಳಲಿ. ಒಂದು ನಿಂಬೆ ಮರ, ಅದರ ಕೆಳಗೆ ಅವರ ಮರದ ಕುರ್ಚಿ, ಕುರ್ಚಿಯ ಮುಂದೆ ನೆಲದ ಮೇಲೆ ದಿಂಬು. ಆ ದಿಂಬಿನ ಮೇಲೆ ಕೂತರೆ ಅವರ ಎರಡು ಮೊಣಕಾಲು ನನ್ನ ಭುಜಗಳನ್ನು ಹಿಡಿದುಕೊಳ್ಳುತ್ತಿದ್ದವು. ಚೂಪು ಬಾಲದ ಬಾಚಣಿಗೆ ನೆತ್ತಿಯ ಮೇಲೆ ಗೆರೆ ಎಳೆಯುವಾಗಿನ ತಂಪು, ಹಿಂದೆಯೇ ಅದೇ ಗೆರೆಯ ಮೇಲೆ ಅವರ ಬೆರಳಿನ ಬಿಸುಪು. ನಡುನೆತ್ತಿಯಿಂದಲೇ ಶುರು; ಹಣೆಯ ಮಧ್ಯದಿಂದ ಹಿಂದಕ್ಕೆ ಓಡುವ ಮೊದಲ ಸಾಲು ನೆಟ್ಟಗಿದ್ದರೆ ಉಳಿದವು ಅದನ್ನು ನೋಡಿಕೊಂಡು ನಡೆಯುತ್ತವೆ ಎನ್ನುತ್ತಿದ್ದರು. ನಾನು ಹತ್ತು ನಿಮಿಷಕ್ಕೊಮ್ಮೆ ಹೊರಳಾಡಿದಾಗ ಬಾಚಣಿಗೆಯ ಬೆನ್ನಿನಿಂದ ಭುಜಕ್ಕೆ ಒಂದು ಏಟು, "ಸುಮ್ನ ಕೂಡು". ದೂರದಲ್ಲಿ ಗೂಡ್ಸ್ ರೈಲಿನ ಸಿಳ್ಳೆ, ಫ್ರೀವೇಯ ಸದ್ದು, ಒಳಗೆ ಒಲೆಯ ಮೇಲೆ ಜಡೆಯ ತುದಿ ಅದ್ದಲು ನೀರು ಕುದಿಯುವ ಕೆಟಲ್. ಸರದಿಗೆ ಕಾಯುವ ಹೆಂಗಸರು ದೂರ ದೂರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು, ಯಾರ ಮಗನಿಗೆ ಕೆಲಸ ಹೋಯಿತು, ಯಾರನ್ನು ಆಸ್ಪತ್ರೆಗೆ ಸೇರಿಸಿದರು, ಯಾರ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಬೇಕಾಯಿತು ಎಂದು. ಒಮ್ಮೆ ಆಂಟಿ ಬಿಚ್ಚಿದ, ಜಡೆಗೆ ಸೇರಿಸುವ ಕೂದಲಿನ ಪೊಟ್ಟಣದ ಮೇಲೆ 'ಇಂಡಿಯನ್' ಎಂದು ಬರೆದಿತ್ತು, ಒಳಗೆ ರೇಷ್ಮೆಯಂತೆ ನೆಟ್ಟಗಿನ ಕೂದಲು. ಅದನ್ನು ನನ್ನ ಗುಂಗುರಿನ ಪಕ್ಕ ಹಿಡಿದು, "ಈ ಹೆಸರಿಟ್ಟವರು ನಿನ್ನ ನೋಡಿಲ್ಲ ಬಿಡು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಕೂದಲಿನ ವಿಷಯಕ್ಕೆ ಜನ ನಕ್ಕಾಗ ನಾನೂ ಸೇರಿ ನಕ್ಕದ್ದು ಅದೇ ಮೊದಲು.

ಕೆಲಸ ಮುಗಿದ ಮೇಲೆ ಉದುರಿದ ಕೂದಲನ್ನೆಲ್ಲ ಅವರು ಒಂದೊಂದಾಗಿ ಹೆಕ್ಕಿ ಕಾಗದದಲ್ಲಿ ಸುತ್ತುತ್ತಿದ್ದರು. ಹಕ್ಕಿ ಒಯ್ದು ಗೂಡು ಕಟ್ಟಿದರೆ ನಿನಗೆ ತಲೆನೋವು ಬಿಡುವುದಿಲ್ಲ ಎಂದು ಅವರ ಅಜ್ಜಿ ಹೇಳಿದ್ದಳಂತೆ. ಹುಬ್ಬಳ್ಳಿಯ ಚಿಕ್ಕಮ್ಮನೂ ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ, ತೂ ತೂ ಎಂದು ಉಗುಳಿ, ಯಾರ ಕಾಲಿಗೂ ಸಿಗದಂತೆ ಎತ್ತಿಡುತ್ತಿದ್ದಳು. ಎರಡು ದೇಶದ ಇಬ್ಬರು ಹೆಂಗಸರಿಗೆ ಒಂದೇ ಭಯ. ಅದನ್ನು ಹೇಳಿದಾಗ ಆಂಟಿ ಹೆಕ್ಕುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಹಂಗಿದ್ರ ಆ ಹಡಗಿನಾಗ ಯಾರೋ ಈ ಮಾತನ್ನೂ ತಂದಿರಬೇಕು ಎಂದರು. ಹೌದೋ ಅಲ್ಲವೋ, ಯಾರಿಗೆ ಗೊತ್ತು. ನನಗೆ ಮಾತ್ರ ಅಂದು ರಾತ್ರಿ ಊಟ ರುಚಿಸಿತು.

ಹೀಗೆ ಒಂದು ವರ್ಷ ಕಳೆಯಿತು. ಆರು ವಾರಕ್ಕೊಮ್ಮೆ ಹಳೆಯದನ್ನು ಅವರೇ ಬಿಚ್ಚಿ ಹೊಸದು ಹೆಣೆಯುತ್ತಿದ್ದರು. ಆದರೆ 2021ರ ವಸಂತದ ಹೊತ್ತಿಗೆ ಸಾಲುಗಳು ಸಡಿಲಾಗತೊಡಗಿದವು. ಮೊದಲು ಕಿವಿಯ ಪಕ್ಕದ್ದು, ಆಮೇಲೆ ಹಿಂದಿನವು. ವಾರ ತುಂಬುವುದರೊಳಗೆ ಅರ್ಧ ತಲೆ ಬಿಚ್ಚಿಕೊಂಡಿರುತ್ತಿತ್ತು. ನನಗೆ ಬಾಯಿ ಹತೋಟಿಯಲ್ಲಿರುವುದಿಲ್ಲ. ಮುಂದಿನ ಸಲ ಹೇಳಿಯೇಬಿಡುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಆಂಟಿ ಒಂದು ತಟ್ಟೆ ಕೇಕು ಕೊಟ್ಟು ಬರ್ನೀಸ್ ಮನೆಗೆ ಕಳಿಸಿದರು. ಬರ್ನೀಸ್ ಬಸ್ ಓಡಿಸಿ ನಿವೃತ್ತರಾದವರು, ಆಂಟಿಯ ನಲವತ್ತು ವರ್ಷದ ಗೆಳತಿ, ಮೂರು ಬೀದಿ ಆಚೆಗೆ ಮನೆ. ಹೋಗಿ ನೋಡಿದರೆ ಅವರು ವರಾಂಡದಲ್ಲಿ ತಮ್ಮ ಮೊಮ್ಮಗಳ ಮುಂದೆ ಕೂತಿದ್ದಾರೆ. ಹಿಂದಿನ ಸಂಜೆ ಡೆಲ್ಫೀನ್ ಆಂಟಿ ನನ್ನ ಕಣ್ಣೆದುರೇ ನಾಲ್ಕು ಗಂಟೆ ಕೂತು ಹೆಣೆದದ್ದನ್ನು ಆ ಮೊಮ್ಮಗಳು ಪೂರ್ತಿ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾಳೆ. ನನ್ನನ್ನು ನೋಡಿ ಬರ್ನೀಸ್ ಓಡಿಹೋಗಲಿಲ್ಲ, ಮುಚ್ಚಿಡಲೂ ಇಲ್ಲ. ಡೆಲ್ಫೀನಳ ಬೆರಳಿನ ಕೀಲುಗಳು ಹೋಗಿವೆ, ಅದು ನಮಗೆಲ್ಲ ಗೊತ್ತು, ನಮಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ ಎಂದರು. "ನಲವತ್ತು ವರ್ಷ ನನ್ನ ತಲಿ ಹಿಡದಾಳ. ಈಗ ಅದನ್ನ ಆಕಿ ಕೈಯಿಂದ ಕಸ್ಕೊಂಡು ನಾ ಏನ್ ಮಾಡ್ಲಿ? ನೀ ಬಾಯಿ ಬಿಟ್ಟಿ ಅಂದ್ರ ನೋಡು."

ನಾನು ಬಾಯಿ ಬಿಡಲಿಲ್ಲ. ಆದರೆ ಸಡಿಲಾದ ಸಾಲುಗಳನ್ನು ಏನು ಮಾಡುವುದು? ಬಿಚ್ಚಿದ ತಲೆಯಲ್ಲಿ ಬೇಲಿಯ ಹತ್ತಿರ ಹೋದರೆ ಆಂಟಿಗೆ ಗೊತ್ತಾಗುತ್ತದೆ. ಬರ್ನೀಸ್‌ಗಾದರೆ ಮೊಮ್ಮಗಳಿದ್ದಾಳೆ, ನನಗೆ ಯಾರಿದ್ದಾರೆ? ಎರಡು ದಿನ ಟೋಪಿ ಹಾಕಿಕೊಂಡು ತಪ್ಪಿಸಿಕೊಂಡು ತಿರುಗಿದೆ. ಮೂರನೆಯ ದಿನ ಬೇರೆ ದಾರಿ ಕಾಣದೆ ಅವ್ವನ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಅಷ್ಟು ಹೊತ್ತಿಗೆ ನಮಗೆಲ್ಲ ಲಸಿಕೆಯಾಗಿತ್ತು, ಅಡುಗೆಮನೆಯ ಎರಡು ತುದಿಗಳ ಅಗತ್ಯ ತೀರಿತ್ತು, ಆದರೂ ನಾವು ಅಭ್ಯಾಸಬಲದಿಂದ ಅಲ್ಲೇ ನಿಲ್ಲುತ್ತಿದ್ದೆವು. ಅವ್ವ ಸ್ಟೂಲು ಎಳೆದು ಕೂತಳು. ನಾನು ನೆಲದ ಮೇಲೆ, ಅವಳ ಮೊಣಕಾಲುಗಳ ನಡುವೆ. ಸ್ಯಾನಿಟೈಜರ್ ಮತ್ತು ಕೊಬ್ಬರಿ ಎಣ್ಣೆ ಸೇರಿದ ವಾಸನೆ ಅವಳದು. ದಿನಕ್ಕೆ ಇಪ್ಪತ್ತು ಮಂದಿಗೆ ಸೂಜಿ ಚುಚ್ಚುವ ಕೈ ನನ್ನ ಮೊದಲ ಎಳೆಯನ್ನು ಮೂರು ಸಲ ಹಿಡಿದು ಬಿಟ್ಟಿತು.

ಬೆನ್ನ ಹಿಂದೆ ಕೂತವರ ಮುಖ ಕಾಣುವುದಿಲ್ಲ. ಆ ಹಿತ್ತಲಲ್ಲಿ ಹೆಂಗಸರು ಅಷ್ಟೆಲ್ಲ ಹೇಗೆ ಹೇಳಿಕೊಳ್ಳುತ್ತಾರೆ ಎಂಬುದು ನನಗೆ ಆಗ ಅರ್ಥವಾಯಿತು. ಮೂರನೆಯ ಸಾಲಿನ ಹೊತ್ತಿಗೆ ನನ್ನ ಬಾಯಿಂದ ಅದು ಬಂದೇಬಿಟ್ಟಿತು. "ಯಾಕ ಬಿಟ್ಟು ಬಂದಿ?"

ಕೈ ನಿಂತಿತು. "ಆರು ತಿಂಗಳು ಅಂದ್ಕೊಂಡಿದ್ನೆವಾ," ಎಂದಳು ಅವ್ವ. "ಆರು ತಿಂಗಳಿಗೆ ಕರಸ್ಕೊಂಡ್ರಾತು ಅಂತ ಒಂದು ಫ್ರಾಕ್ ತಗೊಂಡಿಟ್ಟಿದ್ನಿ. ಕಾಗದಪತ್ರ ಆಗಲಿಲ್ಲ. ಮತ್ತ ಅಪ್ಲೈ ಮಾಡಿದ್ನಿ, ಮತ್ತ ಆಗಲಿಲ್ಲ. ನೀ ಆ ಫ್ರಾಕಿಗೆ ದೊಡ್ಡಾಕಿ ಆಗಿಬಿಟ್ಟಿ." ಕೈ ಮತ್ತೆ ಓಡತೊಡಗಿತು. ನಾನು ಒಂದು ಸಲವೂ ಹೊರಳಲಿಲ್ಲ. ಅವಳು ಸಾಲು ಮುಗಿಸಿ, ಮೊದಲ ದಿನ ಇಡಲು ಬಂದಿದ್ದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು, ಈ ಸಲ ನಾನು ತಪ್ಪಿಸಿಕೊಳ್ಳಲಿಲ್ಲ.

ಅಂದಿನಿಂದ ಅದೇ ನಮ್ಮ ಗುಟ್ಟಾಯಿತು. ಶನಿವಾರ ಡೆಲ್ಫೀನ್ ಆಂಟಿ ಹೆಣೆಯುವುದು, ಭಾನುವಾರ ಅವ್ವ ಬಿಗಿ ಮಾಡುವುದು. ಅವರಿಗೆ ಗೊತ್ತಾಗಬಾರದು ಎಂಬುದೊಂದೇ ನಮ್ಮ ಚಿಂತೆ. ಕಿಟಕಿಯ ಪರದೆ ಎಳೆದುಕೊಂಡು ಕೂರುತ್ತಿದ್ದೆವು. ಇತ್ತ ಆಂಟಿ ಹೆಣೆಯುವ ಸಾಲುಗಳು ಸಲಸಲಕ್ಕೂ ಕಡಿಮೆಯಾಗುತ್ತ ಬಂದವು. ಹಿಂದಿನ ಭಾಗವನ್ನು ಹಾಗೇ ಬಿಟ್ಟು ಎತ್ತಿ ಕಟ್ಟಿ, ಈಗ ಇದೇ ಫ್ಯಾಶನ್ ಎಂದರು. ಇನ್ನೊಮ್ಮೆ ಟಿವಿಯಲ್ಲಿ ತಮ್ಮ ಕಾರ್ಯಕ್ರಮ ಬರುವ ಹೊತ್ತಾಯಿತೆಂದು ಎದ್ದರು. ಹನ್ನೆರಡು ಸಾಲು ಎಂಟಾಯಿತು, ಐದಾಯಿತು, ಮೂರಾಯಿತು. ವಯಸ್ಸಾಯಿತು, ಸುಸ್ತು ಎಂದುಕೊಂಡೆ ನಾನು. ಬಿಟ್ಟದ್ದನ್ನೆಲ್ಲ ಮನೆಯಲ್ಲಿ ಅವ್ವ ಹೆಣೆದು ಮುಗಿಸುತ್ತಿದ್ದಳು. ನಾನು ಬೆನ್ನು ಕೊಟ್ಟು ಕೂರುತ್ತಿದ್ದ ಹೊತ್ತು ಒಂದು ಮನೆಯಲ್ಲಿ ಕರಗುತ್ತ ಇನ್ನೊಂದು ಮನೆಯಲ್ಲಿ ಬೆಳೆಯುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ.

2022ರ ನವೆಂಬರಿನಲ್ಲಿ ಮಾಲೀಕರು ಎರಡೂ ಮನೆಗಳನ್ನು ಮಾರಿದರು. ಡೆಲ್ಫೀನ್ ಆಂಟಿಯನ್ನು ಕರೆದೊಯ್ಯಲು ಸ್ಯಾನ್ ಡಿಯಾಗೋದಿಂದ ಮಗಳು ಟ್ರಕ್ಕು ತಂದಿದ್ದಳು. ಹೊರಡುವ ದಿನ ಆಂಟಿ ನಮ್ಮಿಬ್ಬರನ್ನೂ ಕರೆದರು. ಕುರ್ಚಿಯೊಂದನ್ನು ಬಿಟ್ಟು ಮನೆಯೆಲ್ಲ ಡಬ್ಬಗಳಲ್ಲಿತ್ತು. ನನ್ನನ್ನು ಕೂರಿಸಿ, ಗೆರೆ ಎಳೆದು, ನಡುನೆತ್ತಿಯ ಸಾಲನ್ನು ಶುರು ಮಾಡಿದರು. ಆ ಒಂದು ಸಾಲಿಗೆ ಮೊದಲಿನ ಕಾಲದಲ್ಲಿ ಅರ್ಧ ತಲೆಗೆ ಹಿಡಿಯುತ್ತಿದ್ದಷ್ಟು ಹೊತ್ತು ಹಿಡಿಯಿತು. ನಡುನಡುವೆ ಕೈ ಕೆಳಗಿಟ್ಟು ತಿಕ್ಕಿಕೊಳ್ಳುತ್ತಿದ್ದರು. ಮಗಳು ಬಾಗಿಲಲ್ಲಿ ಟ್ರಕ್ಕಿನ ಕೀಲಿ ಹಿಡಿದು ನಿಂತಿದ್ದಳು, ಯಾರೂ ಅವಸರಿಸಲಿಲ್ಲ. ಸಾಲು ಮುಗಿದ ಮೇಲೆ ಆ ಬಾಲದ ಬಾಚಣಿಗೆಯನ್ನು ಅವ್ವನ ಕಡೆ ಚಾಚಿದರು.

ಅವ್ವ ಹಿಂದೆ ಸರಿದು, ನನಗೆ ಇದೆಲ್ಲ ಬರುವುದಿಲ್ಲ ಆಂಟಿ ಎಂದಳು. ಆಂಟಿ ಅವಳ ಮಣಿಕಟ್ಟು ಹಿಡಿದು ನನ್ನ ತಲೆಯ ಹತ್ತಿರ ತಂದರು. "ಬರತೈತಿ. ಆದ್ರ ನೀ ಎಳಿ ಮ್ಯಾಲಿಂದ ಹಾಕ್ತಿ, ಅದಕ್ಕ ಚಪ್ಪಟಿ ಕೂಡ್ತಾವು. ಕೆಳಗಿಂದ ತಗೊಂಡ್ರ ಎದ್ದು ನಿಲ್ತಾವು. ಒಂದೂವರಿ ವರ್ಷ ನೋಡೀನಿ, ಇನ್ನ ಬಾಯಿ ಮುಚ್ಕೊಂಡು ಇರಾಕ ಆಗಂಗಿಲ್ಲ."

ನಾವು ಎಂಥ ಪೆದ್ದರು. ನಮ್ಮ ಕಡೆಯ ಜಡೆಯಲ್ಲಿ ಎಳೆ ಮೇಲಿನಿಂದ ದಾಟುತ್ತದೆ, ಅವರದ್ದರಲ್ಲಿ ಕೆಳಗಿನಿಂದ. ಅವ್ವನ ಬೆರಳು ತನಗೆ ತಿಳಿದಂತೆಯೇ ಓಡಿತ್ತು. ಆರು ವಾರಕ್ಕೊಮ್ಮೆ ಹಳೆಯ ಸಾಲುಗಳನ್ನು ಬಿಚ್ಚುತ್ತಿದ್ದವರು ಸ್ವತಃ ಡೆಲ್ಫೀನ್ ಆಂಟಿಯೇ ಎಂಬುದು ಪರದೆ ಎಳೆದು ಕೂತ ನಮಗೆ ಹೊಳೆದೇ ಇರಲಿಲ್ಲ. ಮೊದಲ ಸಲ ಬಿಚ್ಚಿದಾಗಲೇ ಅವರಿಗೆ ಗೊತ್ತಾಗಿತ್ತು. ಬರ್ನೀಸ್ ವಿಷಯವೂ ಗೊತ್ತಿತ್ತು; ಆ ಮೊಮ್ಮಗಳಿಗೆ ಹೆಣೆಯಲು ಕಲಿಸಿದ್ದೇ ತಾವು ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಹೇಳಿದ್ರ ಅವರು ಬರೋದು ಬಿಡ್ತಿದ್ರು," ಎಂದರು. ನನ್ನ ಭುಜ ತಟ್ಟಿ, "ನಿನಗ ಹೇಳಿದ್ರ ನೀ ನಿಮ್ಮವ್ವನ ಮುಂದ ಕೂಡೋದು ಬಿಡ್ತಿದ್ದಿ." ಅವ್ವ ಮುಖ ತಿರುಗಿಸಿಕೊಂಡಳು. ಆಮೇಲೆ ಬಾಚಣಿಗೆ ತೆಗೆದುಕೊಂಡು, ಆಂಟಿ ಮಣಿಕಟ್ಟು ತಿರುಗಿಸಿದಂತೆ, ಕೆಳಗಿನಿಂದ ಎಳೆ ತೆಗೆದು ಎರಡನೆಯ ಸಾಲನ್ನು ಶುರು ಮಾಡಿದಳು. ಟ್ರಕ್ಕು ಮಧ್ಯಾಹ್ನ ಹೊರಟಿತು. ಮನೆಗೆ ಬಂದು ಅವ್ವ ಎಲ್ಲ ಸಾಲನ್ನೂ ಮುಗಿಸಿದಳು, ನಡುವಿನದನ್ನು ಮುಟ್ಟಲಿಲ್ಲ. ಅದು ಒಂಬತ್ತು ದಿನ ಇತ್ತು.

ಆಮೇಲೆ ಎರಡು ಮೂರು ಸಲ ಸ್ಯಾನ್ ಡಿಯಾಗೋಕ್ಕೆ ಹೋಗಿ ನೋಡಿದೆವು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು, ಅವ್ವನ ಸಾಲುಗಳ ಮೇಲೆ ಬೆರಳಿನ ಗೆಣ್ಣು ಓಡಿಸಿ ನೋಡಿ ತಲೆಯಾಡಿಸುತ್ತಿದ್ದರು. ನನಗೆ ಅದೇ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಮೊದಲು ಫೋನ್ ಮಾಡಿದ್ದು ಅವರಿಗೆ. ಭಾನುವಾರ ಬಾ, ತಲೆ ತೊಳೆದುಕೊಂಡು ಬಾ, ಎಣ್ಣೆ ಹಚ್ಚಿಕೊಂಡು ಮಾತ್ರ ಬರಬೇಡ ಎಂದರು. ಕಾಲೇಜು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಅವರು ತೀರಿಕೊಂಡದ್ದು ಆಗಸ್ಟ್ ಕೊನೆಯಲ್ಲಿ. ಮೂರು ವಾರ. ಈ ಊರಿನಲ್ಲಿ ಭಾನುವಾರಗಳು ಬಂದಾಗಲೆಲ್ಲ ನನಗೆ ಆ ಮೂರು ವಾರದ ಮೇಲೆ ಸಿಟ್ಟು ಬರುತ್ತದೆ. ರೂಮಿನಲ್ಲಿ ಕೂರಲಾಗದೆ ಇಲ್ಲಿನ ಟ್ರಾಲಿ ರೈಲು ಹತ್ತಿ ಎಲ್ಲಿಗೆಂದರೆ ಅಲ್ಲಿಗೆ ಹೋಗಿ ಬರುತ್ತೇನೆ.

ಅಂತ್ಯಕ್ರಿಯೆಯ ಹಿಂದಿನ ದಿನ ಅವ್ವ ನನ್ನ ತಲೆ ಹೆಣೆದಳು. ಹನ್ನೊಂದು ಸಾಲು ಎದ್ದು ನಿಂತಿದ್ದವು. ನಡುನೆತ್ತಿಯದನ್ನು ಹಾಗೇ ಬಿಟ್ಟಳು. "ಅದಕ್ಕ ನಾ ಕೈ ಹಚ್ಚಂಗಿಲ್ಲ," ಎಂದಳು. ಮಾರನೆಯ ದಿನ ಮುಂಜಾನೆಯೇ ಎದ್ದು, ಹದಿನೈದನೇ ಫ್ರೀವೇಯಲ್ಲಿ ಡ್ರೈವ್ ಮಾಡಿಕೊಂಡು ಬಂದೆವು. ಚರ್ಚಿನ ಪಾರ್ಕಿಂಗಿನಲ್ಲಿ ಕೋಲೂರಿಕೊಂಡು ನಿಂತಿದ್ದ ಬರ್ನೀಸ್ ನನ್ನ ಹಣೆಯ ಮೇಲೆ ಹಾರುತ್ತಿದ್ದ ಕೂದಲನ್ನು ನೋಡಿದರು. "ಡೆಲ್ಫೀನ್ ಮುಂದ ಹಿಂಗ ಹೋಗ್ತಿಯೇನ? ಎದ್ದು ಕೂಡ್ತಾಳ ಆಕಿ." ನಾನು ಮತ್ತೆ ಕಾರಿನೊಳಗೆ ಕೂತು, ಮುಂದಿನ ಪುಟ್ಟ ಕನ್ನಡಿ ಇಳಿಸಿ, ಮೊದಲ ಬಾರಿಗೆ ನನ್ನ ತಲೆಯನ್ನು ನಾನೇ ಹೆಣೆದುಕೊಂಡೆ. ಎಳೆ ಕೆಳಗಿನಿಂದ ತೆಗೆದೆ. ಕಣ್ಣು ಮಂಜಾಗಿ ಗೆರೆ ಸೊಟ್ಟಗಾಯಿತು, ಬೆರಳು ನಿಲ್ಲದೆ ಸಾಲು ಸಡಿಲಾಯಿತು. ಹೊರಗೆ ಬಂದಾಗ ಬರ್ನೀಸ್ ಅದನ್ನು ಬಿಗಿ ಮಾಡಲು ಕೈಯೆತ್ತಿದವರು ಹಾಗೇ ಕೈ ಇಳಿಸಿದರು. "ಇರಲಿ ಬಿಡು," ಎಂದರು. "ಆಕಿ ಕೈಯಂಗ ಐತಿ."

ಪೊಮೊನಾದ ಆ ಜೋಡಿ ಮನೆಗೆ ಈಗ ಬೂದು ಬಣ್ಣ ಹೊಡೆದಿದ್ದಾರೆ. ನಿಂಬೆ ಮರದ ಜಾಗದಲ್ಲಿ ಕಾರು ನಿಲ್ಲಿಸಲು ಸಿಮೆಂಟು ಹಾಕಿದ್ದಾರೆ. ಅವ್ವ ಎರಡು ಮೈಲಿ ಆಚೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಆರು ವಾರಕ್ಕೊಮ್ಮೆ ನಾನು ಹೋಗುತ್ತೇನೆ, ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ. ಅವಳು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಕಿಟಕಿಯ ಪರದೆ ತೆರೆದಿರುತ್ತದೆ. ಹನ್ನೊಂದು ಸಾಲು ಮುಗಿಸಿ ಅವಳು ಬಾಲದ ಬಾಚಣಿಗೆಯನ್ನು ನನ್ನ ಭುಜದ ಮೇಲಿಂದ ಮುಂದಕ್ಕೆ ಚಾಚುತ್ತಾಳೆ, ನಡುವಿನದನ್ನು ನಾನು ಹೆಣೆದುಕೊಳ್ಳುತ್ತೇನೆ. ಉದುರಿದ ಕೂದಲನ್ನು ಇಬ್ಬರೂ ಹೆಕ್ಕಿ ಕಾಗದದಲ್ಲಿ ಸುತ್ತುತ್ತೇವೆ. ಭಾನುವಾರ ಹೆಣೆದರೆ ಗುರುವಾರದ ಹೊತ್ತಿಗೆ ಆ ಒಂದು ಸಾಲು ಸಡಿಲಾಗಿ, ತರಗತಿಯಲ್ಲಿ ಒಂದು ಎಳೆ ಹಣೆಯ ಮೇಲೆ ಇಳಿಯುತ್ತದೆ. ಈಗ ನನ್ನ ಕೈ ಪಳಗಿದೆ, ಬಿಗಿಯಾಗಿ ಹೆಣೆಯಲು ಬರುತ್ತದೆ, ಅದು ಅವ್ವನಿಗೂ ಗೊತ್ತು. ಆದರೂ ಆ ಸಾಲನ್ನು ನಾನು ಸಡಿಲವಾಗಿಯೇ ಹೆಣೆಯುತ್ತೇನೆ, ಅವಳು ಬಿಗಿ ಮಾಡಲು ಕೈ ಚಾಚುವುದಿಲ್ಲ.